ಅಡ್ಯಾರಿನಿಂದ ಅಡ್ಯಾರಿಗೆ

ಅಡ್ಯಾರು ಎಂಬ ಹೆಸರಿನ ಊರುಗಳು ಎರಡಿವೆ. ಒಂದು ನಾವಿರುವ ಈ ಅಡ್ಯಾರು. ಹಿರಿಯರ ಬಾಯಲ್ಲಿ ಇನ್ನೂ ಮದರಾಸಾಗಿಯೇ ಉಳಿದಿರುವ ಚೆನ್ನೈ ಪಟ್ಟಣದ ತೆಂಕಣ ಭಾಗ; ಅಡ್ಯಾರು ಹೊಳೆ ಬಂಗಾಳ ಕೊಲ್ಲಿಯನ್ನು ಸೇರುವ ಎಡೆ; 1882ರಲ್ಲಿ ಥಿಯಾಸಾಫಿಕಲ್ ಸೊಸೈಟಿಯವರು ಬಂದು ನೆಲೆಸಿದ ಮೇಲೆ ಅವರ ತೋಟದ ಆಲದ ಮರದೊಡನೆ ಲೋಕಪ್ರಸಿದ್ಧವಾದ ಸ್ಥಳ. ಇನ್ನೊಂದು ಅಡ್ಯಾರು ಮಂಗಳೂರಿನ ಹೊರಗೆ, ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ದಡದಲ್ಲಿದೆ. ನಮ್ಮ ಕಡೆ ಸೂರ್ಯನು ಸಮುದ್ರದಿಂದ ಏಳುತ್ತಾನೆ, ಅವರ ಕಡೆ ಸಮುದ್ರಕ್ಕೆ ಇಳಿಯುತ್ತಾನೆ. ಎರಡೂ ಊರುಗಳು 13ನೆಯ ಅಕ್ಷಾಂಶದ ಆಸುಪಾಸಿನಲ್ಲಿಯೇ ಇವೆ. ನಕ್ಷೆಯ ಮೇಲೆ ನೆಟ್ಟಗೆ ನೂಲು ಹಿಡಿದು ಅಳೆದರೆ ನಡುವೆ ಸುಮಾರು 580 ಕಿಲೋಮೀಟರು.

ಈ ಎರಡು ಅಡ್ಯಾರುಗಳ ನಡುವೆ ಪೂರ್ವ ಮುಗಿದು ಪಶ್ಚಿಮ ಆರಂಭವಾಗುವುದು ಎಲ್ಲಿ? ಸಾಮಾನ್ಯ ಮನುಷ್ಯನು ಕೇಳಿಕೊಳ್ಳುವ ಪ್ರಶ್ನೆ ಇದಲ್ಲ. ರೈಲಿನ ಹುಚ್ಚು ಹಿಡಿದವರು ಮಾತ್ರ ಕೇಳುತ್ತಾರೆ, ಮತ್ತು ಒಮ್ಮೆ ಕೇಳಿದರೆಂದರೆ ಬಿಡುವುದಿಲ್ಲ. ನಮ್ಮ ಬೀದಿಯಲ್ಲಿ ಅಂಥವರು ಇಬ್ಬರಿದ್ದಾರೆ. ಒಬ್ಬರು ಗಾರ್ಡ್ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಇನ್ನೊಬ್ಬರು ಕಾಲೇಜಿನಲ್ಲಿ ಭೂಗೋಳ ಹೇಳಿಕೊಟ್ಟ ಮೇಷ್ಟರು. ಹಳೆಯ ಟೈಮ್‌ಟೇಬಲುಗಳನ್ನು ಪಂಚಾಂಗದಂತೆ ಜೋಪಾನ ಮಾಡಿದ್ದಾರೆ. ಸಂಜೆ ಬೆಸಂಟ್ ನಗರದ ಕಡಲ ದಂಡೆಯಲ್ಲಿ ಇವರಿಬ್ಬರ ಸಂವಾದ ಏರುವುದನ್ನು ಕೇಳಿ ಸುಂಡಲ್ ಮಾರುವ ಹುಡುಗನೂ ನಿಂತುಬಿಡುವುದುಂಟು.

ಮೊದಲು ಸರ್ಕಾರದ ಗೆರೆಯನ್ನು ನೋಡಿಬಿಡೋಣ. 1951ನೆಯ ಏಪ್ರಿಲ್ 14ರಂದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ, ನಮ್ಮ ಮೈಸೂರು ಸಂಸ್ಥಾನದ ರೈಲ್ವೆ, ಈ ಮೂರನ್ನೂ ಕೂಡಿಸಿ ದಕ್ಷಿಣ ರೈಲ್ವೆಯನ್ನು ಮಾಡಿದರು. ಆಗ ಎರಡು ಸಮುದ್ರಗಳ ನಡುವಿನ ಹಾದಿಯೆಲ್ಲ ಒಂದೇ ಮನೆ. ಮದರಾಸಿನ ಕಚೇರಿಯಲ್ಲಿ ಕುಳಿತವರಿಗೆ ಪೂರ್ವ ಪಶ್ಚಿಮಗಳ ಭೇದವೇ ಇರಲಿಲ್ಲವೆನ್ನಬಹುದು. 1966ರಲ್ಲಿ ಹುಬ್ಬಳ್ಳಿಯ ಕಡೆಯ ಹಾದಿಗಳು ದಕ್ಷಿಣ ಮಧ್ಯ ರೈಲ್ವೆಗೆ ಹೋದವು. 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿಯನ್ನೇ ರಾಜಧಾನಿ ಮಾಡಿಕೊಂಡು ನೈಋತ್ಯ ರೈಲ್ವೆ ಬಂತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ಅದರ ಪಾಲಿಗಾದವು.

ಹೆಸರಿನಲ್ಲಿಯೇ ಪಶ್ಚಿಮವಿದೆಯಲ್ಲ, ಗೆರೆ ಸ್ಪಷ್ಟವಾಯಿತು ಎಂದು ವಾಚಕರು ಅಂದುಕೊಳ್ಳಬಹುದು. ಆದರೆ ತಮಾಷೆ ನೋಡಿ. ಆಂಧ್ರದ ಕುಪ್ಪಂ, ತಮಿಳುನಾಡಿನ ಹೊಸೂರು, ಧರ್ಮಪುರಿಗಳು ಈ ನೈಋತ್ಯದಲ್ಲಿವೆ. ಕನ್ನಡ ನಾಡಿನ ಪಡುವಣ ಬಾಗಿಲಾದ ಮಂಗಳೂರು ಸೆಂಟ್ರಲ್ ಮಾತ್ರ ಪಾಲಕ್ಕಾಡು ವಿಭಾಗಕ್ಕೆ ಸೇರಿ, ಚೆನ್ನೈಯಲ್ಲಿ ಕಚೇರಿಯಿರುವ ದಕ್ಷಿಣ ರೈಲ್ವೆಯಲ್ಲೇ ಉಳಿದಿದೆ. ಮಂಗಳೂರಿನ ಬಡಗಣ ತೋಕೂರಿನಿಂದ ಕೊಂಕಣ ರೈಲ್ವೆ ಬೇರೆ. ಬಂಟ್ವಾಳದ ಕಡೆ ಹೊರಳಿದರೆ ಮೈಸೂರು ವಿಭಾಗ. ಒಂದೇ ಊರಿಗೆ ಮೂವರು ಯಜಮಾನರು! ಬೆಂಗಳೂರಿಗೆ ಇನ್ನೊಂದು ಗಾಡಿ ಬೇಕಾದರೆ ಯಾರ ಬಾಗಿಲು ತಟ್ಟಬೇಕು ಎಂಬುದು ಅಲ್ಲಿಯವರ ಹಳೆಯ ಅಳಲು. ಮಂಗಳೂರನ್ನು ನೈಋತ್ಯಕ್ಕೆ ಸೇರಿಸಿರೆಂದು ಬಹುಕಾಲದಿಂದ ಕೇಳುತ್ತಲೇ ಇದ್ದಾರೆ. ನನ್ನ ಮಟ್ಟಿಗೆ ಅವರ ಮಾತು ನ್ಯಾಯವಾದದ್ದೆಂದೇ ತೋರುತ್ತದೆ. ಅಂತೂ ಕಚೇರಿಯ ಗೆರೆಯನ್ನು ನಂಬಿ ದಿಕ್ಕು ಹೇಳುವ ಹಾಗಿಲ್ಲ.

ಗಾರ್ಡರು ಗೆರೆ ಎಳೆಯುವುದು ಜೋಲಾರ್‌ಪೇಟೆಯಲ್ಲಿ. "ಸ್ವಾಮಿ, ಜೋಲಾರ್‌ಪೇಟೆಯವರೆಗೆ ಗಾಡಿ ಮದರಾಸಿನದು. ಅಲ್ಲಿಂದಾಚೆಗೆ ಅದರ ಉಸಿರೇ ಬೇರೆ," ಎನ್ನುತ್ತಾರೆ. ಮಾತು ಸುಳ್ಳಲ್ಲ. ಚೆನ್ನೈಯಿಂದ ಅರಕೋಣ, ಕಾಟ್ಪಾಡಿ ದಾಟಿ ಇನ್ನೂರು ಚಿಲ್ಲರೆ ಕಿಲೋಮೀಟರು ಬಂದರೆ ಏಲಗಿರಿ ಬೆಟ್ಟದ ಬುಡದಲ್ಲಿ ಜೋಲಾರ್‌ಪೇಟೆ. ಇಲ್ಲಿ ಹಾದಿ ಎರಡಾಗುತ್ತದೆ. ಒಂದು ಸೇಲಂ, ಕೊಯಮತ್ತೂರು ಮಾರ್ಗವಾಗಿ ಮಲಬಾರಿಗೆ, ಇನ್ನೊಂದು ಬೆಂಗಳೂರಿಗೆ. 1856ರ ಜುಲೈ 1ರಂದು ರಾಯಪುರಂ ನಿಲ್ದಾಣದಿಂದ ಹೊರಟ ಮದರಾಸಿನ ಮೊದಲ ರೈಲು ವಾಲಾಜಾ ರಸ್ತೆಯವರೆಗೆ ಹೋಗಿತ್ತು. ಮುಂದೆ 1862ರಲ್ಲಿ ಹಾದಿಯು ಪಡುಗಡಲಿನ ಬೇಪೂರನ್ನು ಮುಟ್ಟಿತು. ಬೆಂಗಳೂರಿನ ಕವಲು ಬಂದದ್ದು 1864ರಲ್ಲಿ. ಅಂದರೆ ಮೊದಲು ಕಡಲಿನಿಂದ ಕಡಲಿಗೆ, ಆಮೇಲೆ ನಮ್ಮ ಎತ್ತರದ ನಾಡಿಗೆ.

ಜೋಲಾರ್‌ಪೇಟೆಯ ಎತ್ತರ ನಾನೂರು ಮೀಟರಿಗೆ ಸ್ವಲ್ಪ ಹೆಚ್ಚು. ಬೆಂಗಳೂರು ಒಂಬೈನೂರರ ಹತ್ತಿರ. ಗಾಡಿ ಪಚ್ಚೂರು ದಾಟಿ ಬಂಡೆಗಳ ನಡುವೆ ಏದುತ್ತಾ ಏರುವಾಗ ಗಾಳಿ ತಣ್ಣಗಾಗುತ್ತದೆ. ನಿಲ್ದಾಣದ ಹಲಗೆಯ ಮೇಲೆ ಅಲ್ಲಿಯವರೆಗೆ ತಮಿಳು, ಕುಪ್ಪಂನಲ್ಲಿ ತೆಲುಗು, ಅದಾದ ಮೇಲೆ ಕನ್ನಡ. ಒಂದು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೂರು ಲಿಪಿ! ಅಡ್ಯಾರಿನ ಎಷ್ಟೋ ಕನ್ನಡ ಮನೆಗಳಲ್ಲಿ ಅಜ್ಜಿಯರು ಜೋಲಾರ್‌ಪೇಟೆ ಬರುವ ತನಕ ಕಣ್ಣು ಮುಚ್ಚುತ್ತಿರಲಿಲ್ಲ, ಬಂದ ಮೇಲೆ ಶಾಲು ಹೊದ್ದು ಮಲಗುತ್ತಿದ್ದರು. ಗಾರ್ಡರ ಗೆರೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂದು ಅವರ ವಾದ.

ಮೇಷ್ಟರು ಇದಕ್ಕೆ ಒಪ್ಪುವವರಲ್ಲ. ಅವರದು ಲೆಕ್ಕದ ದಾರಿ. ನಮ್ಮ ಅಡ್ಯಾರಿನ ರೇಖಾಂಶ ಸುಮಾರು 80 ಡಿಗ್ರಿ 15 ಕಲೆ. ಮಂಗಳೂರಿನ ಅಡ್ಯಾರಿನದು 74 ಡಿಗ್ರಿ 55 ಕಲೆ. ಕೂಡಿಸಿ ಅರ್ಧ ಮಾಡಿ ನೋಡಿ, 77 ಡಿಗ್ರಿ 35 ಕಲೆ ಬರುತ್ತದೆ. ಆ ಗೆರೆ ಹಾದುಹೋಗುವುದು ಸರಿಯಾಗಿ ಬೆಂಗಳೂರಿನ ಮೇಲೆಯೇ! ಅಷ್ಟೇ ಅಲ್ಲ. ಮದರಾಸಿನಿಂದ ಬಂದ ದೊಡ್ಡ ಗೇಜಿನ ಹಳಿ ಬೆಂಗಳೂರಿನಲ್ಲಿ ನಿಂತುಹೋಗುತ್ತಿತ್ತು. ಅಲ್ಲಿಂದ ಮೈಸೂರಿಗೂ ಹುಬ್ಬಳ್ಳಿಗೂ ಮೀಟರ್ ಗೇಜು. 1990ರ ದಶಕದಲ್ಲಿ ಮೈಸೂರಿನ ಹಾದಿಯನ್ನು ಅಗಲ ಮಾಡುವವರೆಗೆ, ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಜಾಡಿ, ಮಕ್ಕಳು, ಎಲ್ಲವನ್ನೂ ಬೆಂಗಳೂರಿನಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕಾಗಿತ್ತು. "ಹಳಿಯೇ ಬದಲಾಗುವ ಊರನ್ನು ಬಿಟ್ಟು ಬೇರೆಲ್ಲಿ ಗೆರೆ ಎಳೆಯುತ್ತೀರಿ ರಾಯರೇ?" ಎಂದು ಮೇಷ್ಟರು ಕೇಳಿದರೆ ಗಾರ್ಡರು ನಶ್ಯದ ಡಬ್ಬಿ ತೆಗೆಯುತ್ತಾರೆ.

ರೇಖಾಂಶದ ಮಾತು ಬಂದದ್ದರಿಂದ ಒಂದು ಉಪಕಥೆ. ಎರಡು ಅಡ್ಯಾರುಗಳ ಸೂರ್ಯನಿಗೆ ಸುಮಾರು 21 ನಿಮಿಷಗಳ ಅಂತರವಿದೆ. ಊರಿಗೊಂದು ಗಡಿಯಾರವಿದ್ದ ಕಾಲದಲ್ಲಿ ರೈಲಿನವರಿಗೆ ಇದು ದೊಡ್ಡ ಪೇಚಾಟ. ಮದರಾಸು ಬೊಂಬಾಯಿಗಿಂತ ಸುಮಾರು 30 ನಿಮಿಷ ಮುಂದೆ, ಕಲ್ಕತ್ತೆಗಿಂತ ಸುಮಾರು 33 ನಿಮಿಷ ಹಿಂದೆ. ನಡುಮಧ್ಯದಲ್ಲಿರುವ ಕಾರಣ, 1870ರ ಹೊತ್ತಿನಿಂದ ದೇಶದ ರೈಲುಗಳೆಲ್ಲ ಮದರಾಸು ಕಾಲವನ್ನೇ ಹಿಡಿದವು. 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಿದ ವೀಕ್ಷಣಾಲಯದ ಗಡಿಯಾರ ಹೇಳಿದ್ದೇ ವೇದವಾಕ್ಯ. 1906ರಲ್ಲಿ ಈಗಿನ ಭಾರತೀಯ ಕಾಲಮಾನ ಬಂದ ಮೇಲೆ ಮದರಾಸಿನ ಆ ದೊಡ್ಡಸ್ತಿಕೆ ಮುಗಿಯಿತು. ಅದಕ್ಕೂ ಹಿಂದೆ, 1802ರಲ್ಲಿ, ಅಡ್ಯಾರಿಗೆ ಸಮೀಪದ ಪರಂಗಿಮಲೆಯ ಬುಡದಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿ ಸರಪಳಿ ಹಿಡಿದು ಅಳತೆ ಆರಂಭಿಸಿದ. ಬೆಂಗಳೂರಿನ ಮೇಲೆ ಹಾದು ಪಡುಗಡಲಿನವರೆಗೆ ಅಳೆದು, ಹಳೆಯ ನಕ್ಷೆಗಳು 400 ಮೈಲಿ ಎನ್ನುತ್ತಿದ್ದ ಅಗಲ 360 ಮೈಲಿಯಷ್ಟೇ ಎಂದು ತೋರಿಸಿದ. ನಲವತ್ತು ಮೈಲಿ ನೆಲ ಒಂದೇ ಏಟಿಗೆ ಮಾಯ! ಅವನು ಅಳೆದದ್ದು ಹೆಚ್ಚುಕಡಮೆ ನಮ್ಮ ಎರಡು ಅಡ್ಯಾರುಗಳ ನಡುವಿನ ದೂರವನ್ನೇ.

ಇವರಿಬ್ಬರ ವಾದವನ್ನು ನಮ್ಮ ಮಹಡಿಯ ಮನೆಯ ಪುತ್ತೂರಿನ ಅಜ್ಜಿ ಒಂದು ಸಂಜೆ ಪೂರ್ತಿ ಕೇಳಿದರು. ಕೇಳಿ, "ನಮಗೆ ಪೂರ್ವವೂ ಇಲ್ಲ, ಪಶ್ಚಿಮವೂ ಇಲ್ಲ. ಘಟ್ಟದ ಮೇಲೆ, ಘಟ್ಟದ ಕೆಳಗೆ, ಅಷ್ಟೆ," ಎಂದರು. ಗಾರ್ಡರು ನಕ್ಕರು. ಅಜ್ಜಿ ನಗಲಿಲ್ಲ.

ಅವರು ಮದುವೆಯಾಗಿ ಮದರಾಸಿಗೆ ಬಂದದ್ದು 1965ರಲ್ಲಿ. ಮಂಗಳೂರಿಗೆ ರೈಲು 1907ರಲ್ಲಿಯೇ ಬಂದಿತ್ತು, ಆದರೆ ಮಲಬಾರಿನ ಕಡೆಯಿಂದ. ಪಾಲಕ್ಕಾಡಿನ ಬಳಿ ಘಟ್ಟದ ಸಾಲು ಕಡಿದಿದೆಯಲ್ಲ, ಆ ಕಂಡಿಯಲ್ಲಿ ನುಸುಳಿ, ಕಡಲ ಕರೆಯಲ್ಲಿ ಬಡಗಕ್ಕೆ ಹೊರಳಿ, ಕಾಸರಗೋಡು, ಮಂಜೇಶ್ವರ ದಾಟಿ ಸುಮಾರು 890 ಕಿಲೋಮೀಟರಿನ ಸುತ್ತು. ದಕ್ಷಿಣ ಕನ್ನಡವು 1956ರವರೆಗೆ ಮದರಾಸು ರಾಜ್ಯಕ್ಕೇ ಸೇರಿತ್ತು. ಓದಲು ಬಂದವರು, ಕೋರ್ಟಿಗೆ ಬಂದವರು, ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರಂಥವರ ಹೋಟೆಲುಗಳಲ್ಲಿ ಕೆಲಸ ಹುಡುಕಿ ಬಂದ ಹುಡುಗರು, ಇವರಿಗೆಲ್ಲ ಆ ಹಾದಿಯೇ ಗತಿ. ರಾಜ್ಯದ ಗಡಿ 1956ರ ನವೆಂಬರ್ 1ರಂದು ಬದಲಾಯಿತು; ಹಳಿ ಬದಲಾಗಲಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಆಗ ರೈಲೇ ಇಲ್ಲ, ಬಸ್ಸಿನಲ್ಲಿ ಘಟ್ಟ ಇಳಿಯಬೇಕು.

1968ರ ಆಟಿ ತಿಂಗಳಿನಲ್ಲಿ ಅಜ್ಜಿಯ ತಾಯಿಗೆ ಕಾಯಿಲೆ ಜೋರಾಗಿದೆಯೆಂದು ತಂತಿ ಬಂತು. ಮಂಗಳೂರಿನ ಗಾಡಿ ಆಗಲೇ ಹೊರಟುಹೋಗಿತ್ತು. ಘಟ್ಟದ ಮೇಲಿನಿಂದ ಹೋದರೆ ಬೇಗ ಮುಟ್ಟಬಹುದೆಂದು ರಾತ್ರಿಯ ಗಾಡಿಯಲ್ಲಿ ಬೆಂಗಳೂರಿಗೆ ಹೋದರು. ಅಲ್ಲಿಂದ ಬಸ್ಸಿನಲ್ಲಿ ಸಕಲೇಶಪುರ ಸೇರುವ ಹೊತ್ತಿಗೆ ಮುಂದೆ ಗುಡ್ಡ ಜರಿದು ದಾರಿ ಕಟ್ಟಿತ್ತು. ಕೈಯಲ್ಲಿ ಎರಡು ವರ್ಷದ ಮಗು. ಎರಡು ದಿನ ಛತ್ರವೊಂದರಲ್ಲಿ ಕುಳಿತರು. "ಅಲ್ಲಿಂದ ನಮ್ಮ ಮನೆ ಎಷ್ಟು ದೂರ ಇತ್ತು? ಕೆಳಗೆ ಕಾಣುವುದು ನಮ್ಮದೇ ಕಾಡು. ಮೋಡ ಮಾತ್ರ ಇಳಿದು ಹೋಗುತ್ತಿತ್ತು," ಎಂದರು. ಪುತ್ತೂರು ಮುಟ್ಟಿದಾಗ ಸಂಚಯನವಾಗಿ ಹೋಗಿತ್ತು.

ಗಾರ್ಡರು ಆ ಸಂಜೆ ಮತ್ತೆ ಜೋಲಾರ್‌ಪೇಟೆಯ ಹೆಸರೆತ್ತಲಿಲ್ಲ.

ಹಾಸನ ಮಂಗಳೂರು ರೈಲುಹಾದಿ 1979ರಲ್ಲಿ ಪೂರ್ತಿಯಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರು, ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಂಥ ಕಡಿದು. ಹಳಿಯನ್ನು ಅಗಲ ಮಾಡುವುದಕ್ಕೆಂದು ವರ್ಷಗಟ್ಟಲೆ ಮುಚ್ಚಿ, ಪ್ರಯಾಣಿಕರ ಗಾಡಿಯನ್ನು ಮತ್ತೆ ಬಿಟ್ಟದ್ದು 2007ರ ಕೊನೆಯಲ್ಲಿ. 2018ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ವಾರಗಟ್ಟಲೆ ನಿಂತಿತು. 2024ರ ಜುಲೈಯಲ್ಲಿ ಇನ್ನೊಮ್ಮೆ. ಗೋವೆಯ ಕಡೆ ಕ್ಯಾಸಲ್‌ರಾಕ್ ಘಟ್ಟದಲ್ಲಿಯೂ ಇದೇ ಬಗೆಯ ಗೆರೆಯೊಂದುಂಟು, 1961ರವರೆಗೆ ಅದು ಪೋರ್ಚುಗೀಸರ ಗಡಿಯೂ ಆಗಿತ್ತು. ಅದರ ಕಥೆ ಬೇರೆಯೇ ಒಂದು ಲೇಖನಕ್ಕಾದೀತು.

ನನ್ನನ್ನು ಕೇಳಿದರೆ ಗೆರೆ ಇರುವುದು ಸಕಲೇಶಪುರದ ಮುಂದಿನ ನಿಲ್ದಾಣವಾದ ದೋಣಿಗಾಲಿನ ಆಸುಪಾಸಿನಲ್ಲಿ. ಕಾರಣ ನೀರು. ಬೆಂಗಳೂರಿನಲ್ಲಿ ಸುರಿದ ಮಳೆ ವೃಷಭಾವತಿಯನ್ನು ಹಿಡಿದು ಕಾವೇರಿಗೆ ಹೋಗಲಿ, ದಕ್ಷಿಣ ಪಿನಾಕಿನಿಯ ಕಡೆಗೆ ಹೋಗಲಿ, ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ. ಸಕಲೇಶಪುರದ ಹೇಮಾವತಿಯೂ ಹಾಗೆಯೇ; ಅರಬ್ಬೀ ಸಮುದ್ರವು ಅಷ್ಟು ಹತ್ತಿರವಿದ್ದರೂ ಅದಕ್ಕೆ ಬೆನ್ನು ತಿರುಗಿಸಿ ಕಾವೇರಿಯನ್ನು ಕೂಡಲು ಹೊರಡುತ್ತಾಳೆ. ದೋಣಿಗಾಲಿನ ಆಚೆ ಹುಟ್ಟುವ ಕೆಂಪುಹೊಳೆ ಮಾತ್ರ ಕುಮಾರಧಾರೆಯನ್ನೂ ಅವಳ ಮೂಲಕ ನೇತ್ರಾವತಿಯನ್ನೂ ಸೇರಿ, ಮಂಗಳೂರಿನ ಅಡ್ಯಾರಿನ ಮಗ್ಗುಲಲ್ಲೇ ಹರಿದು ಪಡುಗಡಲಿಗೆ ಹೋಗುತ್ತದೆ. ಇತ್ತ ಕಾವೇರಿಯ ನೀರು ತುಂಬುವ ವೀರಾಣಂ ಕೆರೆಯಿಂದ 2004ರಿಂದ ಚೆನ್ನೈಗೆ ಕೊಳವೆಯಲ್ಲಿ ನೀರು ಬರುತ್ತಿದೆ. ಒಂದೇ ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಆ ಊರಿನ ಬದಿಗೆ, ಇನ್ನೊಂದು ಪಾಲಿನ ನಾಲ್ಕು ಹನಿ ನಮ್ಮ ಊರಿಗೂ ಬರುತ್ತಿರಬಹುದು.

ಮೇಷ್ಟರು ಇದನ್ನು ಅರ್ಧ ಒಪ್ಪಿದ್ದಾರೆ. "ಹಾಗಾದರೆ ನಿಮ್ಮ ಲೆಕ್ಕದಲ್ಲಿ ಮೈಸೂರೂ ಹಾಸನವೂ ಪೂರ್ವವೇ ಏನ್ರೀ?" ಎಂದು ಗಾರ್ಡರು ಕೆಣಕುತ್ತಲೇ ಇದ್ದಾರೆ. ಹೌದು, ಪೂರ್ವವೇ.

ನೋಡಬೇಕೆನ್ನುವವರು ಹಗಲು ಗಾಡಿ ಓಡುವ ದಿನವನ್ನು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ರಾತ್ರಿಯ ಗಾಡಿಯಲ್ಲಿ ಸುರಂಗವೂ ಕಾಡೂ ಒಂದೇ. ಯಶವಂತಪುರ ಮಂಗಳೂರು ಹಗಲು ಗಾಡಿಗೆ 2021ರ ಜುಲೈಯಲ್ಲಿ ಗಾಜಿನ ಮಾಡಿನ ಬೋಗಿಗಳನ್ನು ಜೋಡಿಸಿದರು. ಅದನ್ನು ಅಜ್ಜಿಗೆ ಹೇಳಿದೆ. ಅವರ ಊರಿನ ನಿಲ್ದಾಣವಾದ ಕಬಕ ಪುತ್ತೂರು ಇರುವುದು ಅದೇ ಹಾದಿಯಲ್ಲಿ.

"ಗಾಜಿನ ಮಾಡು ಯಾಕೆ ಮಗಾ?" ಎಂದರು. "ಕಿಟಕಿ ತೆರೆದರೆ ಮಳೆ ಮುಖಕ್ಕೇ ಬೀಳುತ್ತದೆ."