ಟೋಕಿಯೋದಲ್ಲಿ ಹೊಟ್ಟೆನೋವು

ಎರಡು ರಾತ್ರಿ ಹೊಟ್ಟೆನೋವು. ಅಪೆಂಡಿಕ್ಸ್ ಇರಬಹುದಾ ಅನ್ನೋ ಭಯದಲ್ಲೇ ಟೋಕಿಯೋದ ಕ್ಲಿನಿಕ್‌ಗೆ ಹೋದೆ. ಮೊದಲು ಜಪಾನಿ ಫಾರ್ಮ್: ಯಾವಾಗಿಂದ ನೋವು, ಅಲರ್ಜಿ ಇದೆಯಾ. ಅಷ್ಟನ್ನು ಫೋನಿನ ಅನುವಾದ ಆ್ಯಪ್ ದಾಟಿಸಿತು. ‘ಎಂಥ ನೋವು?’ ಅಂದಾಗ ಕೈಕೊಟ್ಟಿತು. ನಮ್ಮ ಹೊಸಪೇಟೆಯಲ್ಲಾದ್ರೆ ‘ಹೊಟ್ಟಿ ಚುಳ್ ಚುಳ್ ಅಂತೈತ್ರಿ’ ಅಂದ್ರೆ ಮುಗೀತು. ಆ್ಯಪ್‌ಗೆ ಅದು ಹೇಗೆ ಗೊತ್ತಾಗಬೇಕು!

ಡಾಕ್ಟರೇ ಕೇಳಿದರು: ‘ಚಿಕುಚಿಕು?’ ಬೆರಳಿಂದ ಚುಚ್ಚಿ ತೋರಿಸಿದರು. ‘ಕಿರಿಕಿರಿ?’ ಮುಷ್ಟಿ ಹಿಡಿದು ತಿರುಚಿದರು. (ನಮ್ಮ ಕಿರಿಕಿರಿ ಬೇರೆ, ಅದಕ್ಕೆ ಮಾತ್ರೆ ಇಲ್ಲ.) ಇವರೂ ನಮ್ಮಂತೆ ನೋವನ್ನು ಸದ್ದಿನಲ್ಲೇ ಹೇಳ್ತಾರೆ! ‘ಕಿರಿಕಿರಿ’ ಅಂದೆ. ಬಲಗಡೆ ಕೆಳಹೊಟ್ಟೆ ಒತ್ತಿ ನೋಡಿ, ಅಪೆಂಡಿಕ್ಸ್ ಅಲ್ಲ, ಅಸಿಡಿಟಿ ಅಂದರು.

ಬಿಲ್ಲಿನಲ್ಲಿ ಶೇ. 30 ನನ್ನದು, ಉಳಿದದ್ದು ಆರೋಗ್ಯ ವಿಮೆಯದು. ಇಲ್ಲಿಗೆ ಬರೋರು ‘ಝುಕಿಝುಕಿ’ಯನ್ನೂ ಕಲಿತಿರಿ; ತಲೆ ಸಿಡಿಯೋವಾಗ ಬೇಕಾಗುತ್ತೆ.