ಕಥೆ ಮರುಹುಟ್ಟು ಪಡೆವ ಸೀಮೆ

ಕೊಳ್ಳೇಗಾಲವೆಂದರೆ ಹೊರಗಿನವರಿಗೆ ರೇಷ್ಮೆ, ಮಾಟಮಂತ್ರ. ರೇಷ್ಮೆಯ ಮಾತು ನಿಜ. ಇನ್ನೊಂದನ್ನು ನಂಬಲು ಕಾರಣವಿಲ್ಲ. ಈ ಸೀಮೆಗೆ ಬರಬೇಕಾಗಿದ್ದ ಮೂರನೆಯ ಹೆಸರೊಂದುಂಟು: ಕೇಳಿದ ಕಥೆಯನ್ನು ಕೇಳಿದಂತೆಯೇ ಬಿಡದ ಗುಣ.

2010ರಲ್ಲಿ ಅಮೀಶ್ ತ್ರಿಪಾಠಿಯವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’ ಕಾದಂಬರಿ ಬಂತು. ಅದರಲ್ಲಿ ಶಿವ ಟಿಬೆಟ್ಟಿನಿಂದ ಬಂದ ಮನುಷ್ಯ. ಕಾಲೇಜು ಮಕ್ಕಳು ಮುಗಿಬಿದ್ದು ಓದಿದರು. ಇಂಥ ಕಾದಂಬರಿ ಓದಿ, ಪಾತ್ರ ಹೀಗಿದ್ದರೆ, ಕೊನೆ ಹಾಗಾಗಿದ್ದರೆ ಎಂದು ತಾವೇ ಬರೆದುಕೊಳ್ಳುವ ಹುಡುಗ ಹುಡುಗಿಯರೂ ಇದ್ದಾರೆ. ಪಾಠ ಬಿಟ್ಟು ಇದೇನು ಎಂದು ಗದರುವ ತಂದೆತಾಯಿಯರು ಒಂದು ಭಾನುವಾರ ಮಕ್ಕಳೊಡನೆ ಯಳಂದೂರಿನ ಬಸ್ಸು ಹತ್ತುವುದು ಒಳ್ಳೆಯದು.

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯನ್ನು ಎಲ್ಲರೂ ನೋಡುತ್ತಾರೆ. ಷಡಕ್ಷರದೇವನನ್ನು ನೆನೆಯುವವರು ಕಡಿಮೆ. 17ನೆಯ ಶತಮಾನದ ಈ ಕವಿ ‘ರಾಜಶೇಖರ ವಿಳಾಸ’ಕ್ಕೆ ಹೊಸ ಕಥೆ ಕಟ್ಟಲಿಲ್ಲ; ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’ದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಚೋಳ ರಾಜಕುಮಾರ ರಾಜಶೇಖರ ಊರಬೀದಿಯಲ್ಲಿ ಕುದುರೆ ಓಡಿಸುತ್ತಾನೆ. ಮಗುವೊಂದು ಗೊರಸಿಗೆ ಸಿಕ್ಕಿ ಸಾಯುತ್ತದೆ. (ಅದೇ ಬೀದಿಯಲ್ಲಿ ಈಗ ಹದಿನೇಳರ ಹುಡುಗರು ಬೈಕು ಓಡಿಸುತ್ತಾರೆ.) ತಾಯಿ ತಿರುಕೊಳವಿನಾಚಿ ಅರಮನೆಗೆ ಬಂದು ನ್ಯಾಯ ಕೇಳುತ್ತಾಳೆ. ದೊರೆ ಸ್ವಂತ ಮಗನಿಗೇ ಮರಣದಂಡನೆ ವಿಧಿಸುತ್ತಾನೆ.

ಇದನ್ನು ಹೋಲುವ ಮನುನೀತಿ ಚೋಳನ ಕಥೆ ತಮಿಳಿನಲ್ಲಿದೆ. 1956ರವರೆಗೂ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಅದು ಇಲ್ಲಿಯವರಿಗೆ ದೂರದ್ದೇನಲ್ಲ. ಅಲ್ಲಿ ರಥಕ್ಕೆ ಸಿಕ್ಕಿದ್ದು ಕರು. ತಾಯಿ ಹಸು ಬಂದು ಅರಮನೆಯ ಗಂಟೆ ಬಾರಿಸುತ್ತದೆ. ಹಸುವಿಗೆ ಬಾಯಿಲ್ಲ. ತಿರುಕೊಳವಿನಾಚಿಗೆ ಬಾಯಿದೆ. ಷಡಕ್ಷರದೇವನ ಕಾವ್ಯದಲ್ಲಿ ಜನ ಇಂದಿಗೂ ಎತ್ತಿ ಹೇಳುವುದು ಅವಳ ಗೋಳಾಟವನ್ನೇ. ಒಂದು ಪಾತ್ರ ಬದಲಾದರೆ ಕಥೆಯ ತೂಕವೇ ಎತ್ತಲೋ ಸರಿಯುತ್ತದೆ. ಕೊನೆ ಮಾತ್ರ ಎರಡರಲ್ಲೂ ಒಂದೇ: ಶಿವ ಪ್ರತ್ಯಕ್ಷನಾಗುತ್ತಾನೆ, ಸತ್ತವರು ಏಳುತ್ತಾರೆ. ಶಿವ ಬಾರದಿದ್ದರೆ ಆ ತಾಯಿ, ಆ ದೊರೆ ಮರುದಿನ ಒಬ್ಬರ ಮುಖ ಒಬ್ಬರು ಹೇಗೆ ನೋಡುತ್ತಿದ್ದರು? ಮಕ್ಕಳು ಬರೆದು ನೋಡಬಹುದಾದ ಕೊನೆ ಅದು.

ಯಳಂದೂರಿನಿಂದ ಮೇಲೆ ಬಿಳಿಗಿರಿರಂಗನ ಬೆಟ್ಟ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿದನೆಂದು ಅವರ ಹಾಡು ಹೇಳುತ್ತದೆ. ಹಾಗಾಗಿ ಅವನು ಸೋಲಿಗರಿಗೆ ಬರೀ ದೇವರಲ್ಲ, ಭಾವ.

ಕೊಳ್ಳೇಗಾಲಕ್ಕೆ ಮರಳಿ ಹನೂರಿನ ದಾರಿ ಹಿಡಿದರೆ ಮಲೆ ಮಹದೇಶ್ವರನ ರಾಜ್ಯ. ಕಂಸಾಳೆಯವರು ಹಾಡುವ ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಬರುವವರೆಗೆ ಪತಿವ್ರತೆಯಾಗಿರುವೆನೆಂದು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವವಳೆಂದಲ್ಲ, ಕೇಳಿದ್ದೇ ತಪ್ಪು ಎಂದು. ಅವನು ಹಿಂಸಿಸಿ, ಒಂಟಿಯಾಗಿ ಬಿಟ್ಟುಹೋಗುತ್ತಾನೆ. ಮಹದೇಶ್ವರ ಜಂಗಮನಾಗಿ ಬಂದು ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುತ್ತಾನೆ. ಯಳಂದೂರಿನ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಹೆಂಡತಿಯ ಕರ್ತವ್ಯಗಳನ್ನು ಹೇಳಿದಳು, ಹೆಣ್ಣನ್ನು ಹಳಿಯುವವರನ್ನೂ ತರಾಟೆಗೆ ತೆಗೆದುಕೊಂಡಳು. ಅದೇ ನೆಲದ ಸಂಕಮ್ಮ ಭಾಷೆಯನ್ನೇ ಒಲ್ಲೆ ಎಂದವಳು. ಅಗ್ನಿಪ್ರವೇಶದ ಸೀತೆಯ ಕಥೆ ಕೇಳಿ ಬೆಳೆದ ಜನವೇ ಇವಳನ್ನೂ ಹಾಡಿದ್ದು.

ಡಾ. ಪಿ.ಕೆ. ರಾಜಶೇಖರ ಈ ಕಾವ್ಯವನ್ನು ಹಾಡುಗಾರರಿಂದ ಕೇಳಿ ಸಂಗ್ರಹಿಸಿದರು. ಆದರೆ ಅಚ್ಚಾದ ಮಾತ್ರಕ್ಕೆ ಹಾಡು ನಿಂತಿಲ್ಲ. ಒಬ್ಬ ದೇವರಗುಡ್ಡ ಹಿಗ್ಗಿಸಿದ್ದನ್ನು ಇನ್ನೊಬ್ಬ ಕುಗ್ಗಿಸುತ್ತಾನೆ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗೆ ಜನ ಹನೂರಿನ ಮೇಲೆ ಹಾದು, ತಾಳುಬೆಟ್ಟದಿಂದ ನಡೆದು ಮಲೆ ಏರುತ್ತಾರೆ. ಸಂಕಮ್ಮನ ಸಾಲು ಕೇಳಬೇಕೆನ್ನುವವರು ರಾತ್ರಿ ಅಲ್ಲೇ ಉಳಿಯುವ ಸಿದ್ಧತೆಯಲ್ಲಿ ಹೋಗಬೇಕು, ಕಂಬಳಿಯೊಂದು ಜೊತೆಗಿರಲಿ.