ಪ್ರತಿನಿಧಿದ್ರವ್ಯ

ಶಾಸ್ತ್ರವಿಹಿತವಾದ ದ್ರವ್ಯವು ದೊರೆಯದಿದ್ದರೆ ಕರ್ಮವನ್ನೇ ಬಿಡಬೇಕಾಗಿಲ್ಲ. ಅದನ್ನು ಹೋಲುವ ಬೇರೊಂದನ್ನು ಪ್ರತಿನಿಧಿಯಾಗಿ ಸ್ವೀಕರಿಸಬಹುದೆಂದು ಮೀಮಾಂಸಕರು ಹೇಳುತ್ತಾರೆ. ವ್ರೀಹಿಯಿಲ್ಲದಲ್ಲಿ ನೀವಾರ, ಸೋಮವಿಲ್ಲದಲ್ಲಿ ಪೂತೀಕ. ತೀರ್ಥಹಳ್ಳಿಯ ಸಮೀಪದ ಗ್ರಾಮವೊಂದರ ಜೋಯಿಸರು ಈ ನ್ಯಾಯವನ್ನು ಬಾಲ್ಯದಲ್ಲಿಯೇ ಓದಿದ್ದರು. ಅದರ ಮರ್ಮವು ಅವರಿಗೆ ಮನವರಿಕೆಯಾದುದು ಮಾತ್ರ ಎಪ್ಪತ್ತು ದಾಟಿದ ಮೇಲೆ, ಒಂದು ಬೈಸಿಕಲ್ಲಿನ ನಿಮಿತ್ತದಿಂದ.

ಆ ಬೈಸಿಕಲ್ಲು ಅವರ ತಂದೆಯವರು ಕೊಂಡದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ಅದರ ಬ್ರೇಕಿಗೆ ತಂತಿಯಿಲ್ಲ. ಹಿಡಿಯ ಕೆಳಗಿನ ಸನ್ನೆಯನ್ನು ಒತ್ತಿದರೆ ಉಕ್ಕಿನ ಸರಳುಗಳು ಸೆಳೆಯಲ್ಪಟ್ಟು, ಕುದುರೆಯ ರಿಕಾಪಿನಂತಿರುವ ಬಾಗು ಮೇಲಕ್ಕೇರುತ್ತದೆ. ಅದರ ಎರಡು ತುದಿಗಳ ರಬ್ಬರುಗಳು ರಿಮ್ಮಿನ ಪಕ್ಕಗಳಿಗಲ್ಲ, ಅಚ್ಚಿನ ಕಡೆಗಿರುವ ಒಳಮೈಗೆ ಒತ್ತಿಕೊಳ್ಳುತ್ತವೆ. ಅದನ್ನೇರಿ ಜೋಯಿಸರು ನಾಲ್ವತ್ತು ವರ್ಷ ಶ್ರಾದ್ಧ, ಮದುವೆ, ಪೂಜೆಗಳಿಗೆಂದು ಊರೂರು ತಿರುಗಿದ್ದರು. ಮೊಮ್ಮಗನು ಪ್ರೌಢಶಾಲೆಗೆ ಸೇರಿದಾಗ ಅದನ್ನು ಅವನಿಗೆ ಕೊಡಬೇಕೆಂದು ನಿಶ್ಚಯಿಸಿದರು. ಶಾಲೆಯ ದಾರಿಯೋ ತುಂಗೆಯ ಕಡೆಗೆ ಇಳಿಜಾರು. ಮುಂದಿನ ಬ್ರೇಕಿನಲ್ಲಿ ರಬ್ಬರನ್ನು ಹಿಡಿದಿರುವ ಕಬ್ಬಿಣದ ಗೂಡೊಂದು ತುಕ್ಕು ತಿಂದು ಸೀಳಿಹೋಗಿತ್ತು.

ಜೋಯಿಸರು ಶಿವಮೊಗ್ಗೆಗೆ ಹೋದರು. ಮೊದಲನೆಯ ಅಂಗಡಿಯವನು, ಹೊಸ ಚಕ್ರವನ್ನು ಹಾಕಿಸಿ ತಂತಿಯ ಬ್ರೇಕನ್ನು ಕಟ್ಟಿಸಿಬಿಡಿರೆಂದನು. ಆದರೆ ಹೆಸರು ಒಂದಾದ ಮಾತ್ರಕ್ಕೆ ವಸ್ತುವು ಒಂದಾಗದು. 28 ಅಂಗುಲವೆಂದು ಕರೆಯಿಸಿಕೊಳ್ಳುವ ಚಕ್ರಗಳಲ್ಲಿಯೇ, ಟಯರು ಕುಳಿತುಕೊಳ್ಳುವ ವೃತ್ತದ ವ್ಯಾಸವು ಹಳೆಯದಕ್ಕೆ 635 ಮಿಲಿಮೀಟರು, ಹೊಸದಕ್ಕೆ 622. ಅಂತರವು ಹದಿಮೂರು, ಅಂದರೆ ರಿಮ್ಮು ತನ್ನ ಸ್ಥಾನದಿಂದ ಆರೂವರೆ ಮಿಲಿಮೀಟರು ಒಳಸರಿಯುತ್ತದೆ. ಸರಳಿನ ಬ್ರೇಕಿಗೂ ಅದಕ್ಕೂ ಹೊಂದಿಕೆಯಾಗದು. ಒಂದನ್ನು ಬದಲಿಸಹೊರಟರೆ ಸರ್ವವನ್ನೂ ಬದಲಿಸಬೇಕು.

ಎರಡನೆಯ ಅಂಗಡಿಯಲ್ಲಿ ಅದೃಷ್ಟವು ಒದಗಿತು. ನಮ್ಮ ದೇಶದ ಕಾರ್ಖಾನೆಗಳು ಆ ಹಳೆಯ ಮಾದರಿಯ ಭಾರಿ ಬೈಸಿಕಲ್ಲುಗಳನ್ನು ಬಹುಕಾಲದಿಂದ ತಯಾರಿಸುತ್ತ ಬಂದಿರುವುದರಿಂದ ಅಂತಹ ಗೂಡು ಅಲ್ಲಿತ್ತು. ಅಂಗಡಿಯ ಹುಡುಗನು ಅದರೊಡನೆ ಬಂದ ನಟ್ಟನ್ನು ಎತ್ತಿಕೊಂಡನು. ಜೋಯಿಸರು ತಡೆದರು. “ಬೇಡಪ್ಪ, ಹಳೆಯ ನಟ್ಟನ್ನೇ ಹಾಕು. ನಮ್ಮ ತಂದೆಯವರ ಕಾಲದ್ದು, ಹೊಳಪು ಕೂಡ ಮಾಸಿಲ್ಲ” ಎಂದರು. “ಅದು ಬೇರೆ ಅಳತೆಯದು, ಜೋಯಿಸರೇ” ಎಂದು ಹುಡುಗನು ಅನುಮಾನಿಸಿದನು. ಹಾಕಿ ನೋಡಲು, ನಟ್ಟು ಸುಲಭವಾಗಿ ಏರಿತು, ಹಿಡಿದಂತೆಯೂ ಕಂಡಿತು.

ಮೂರು ದಿನ ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ದಿನ ಇಳಿಜಾರಿನಲ್ಲಿ ನಟ್ಟು ಕಳಚಿ, ಗೂಡು ಜಾರಿ ಕಡ್ಡಿಗಳ ನಡುವೆ ಸಿಕ್ಕಿತು. ಹುಡುಗನು ಬೇಲಿಯ ಮೇಲೆ ಬಿದ್ದನು. ಮೊಣಕಾಲು ತರಚಿತು, ಮುಂಗೈ ಉಳುಕಿತು. ಹತ್ತು ಮಾರು ಮುಂದೆ ಬಿದ್ದಿದ್ದರೆ ಬೇಲಿಯಿರಲಿಲ್ಲ, ಕಮರಿಯಿತ್ತು.

ಕಾರಣವು ಸೂಕ್ಷ್ಮವಾದುದು. ಹಳೆಯ ನಟ್ಟು ಕಾಲು ಅಂಗುಲದ್ದು, ಎಂದರೆ 6.35 ಮಿಲಿಮೀಟರು, ಅಂಗುಲಕ್ಕೆ 26 ಸುತ್ತಿನ ಇಂಗ್ಲಿಷ್ ಲೆಕ್ಕದ್ದು. ಹೊಸ ಗೂಡಿನ ತಿರುಪು 6 ಮಿಲಿಮೀಟರಿನದು. ಸುತ್ತಿಗೆ ಒಂದು ಮಿಲಿಮೀಟರು. ಎರಡರ ಸುತ್ತುಗಳೂ ಹೆಚ್ಚುಕಡಿಮೆ ಸಮವಾದುದರಿಂದಲೇ ನಟ್ಟು ತಡೆಯಿಲ್ಲದೆ ಏರಿತು. ದಪ್ಪದಲ್ಲಿ ವ್ಯತ್ಯಾಸವಿದ್ದುದರಿಂದ ರಸ್ತೆಯ ಕುಲುಕಾಟಕ್ಕೆ ಸಡಿಲವಾಯಿತು. ಒಂದಿಷ್ಟೂ ಹೊಂದದ ನಟ್ಟು ಏರುತ್ತಲೇ ಇರಲಿಲ್ಲ, ಯಾರಿಗೂ ಅಪಾಯವಾಗುತ್ತಿರಲಿಲ್ಲ. ಹೊಂದಿದಂತೆ ತೋರುವುದೇ ಅಪಾಯಕರವಾದುದು.

ಮನೆಯವರು ಅಂಗಡಿಯವನನ್ನು ಬೈದರು. ಜೋಯಿಸರು ಬೈಯಲಿಲ್ಲ. “ಆ ಹುಡುಗ ಹೇಳಿದ್ದ. ಹಠ ಹಿಡಿದವನು ನಾನು” ಎಂದು ಎಲ್ಲರೆದುರಿಗೆ ಒಪ್ಪಿಕೊಂಡರು. ಮೊಮ್ಮಗನು ಮಾತ್ರ, “ಬೈಸಿಕಲ್ಲನ್ನು ಮಾರಬೇಡಿ, ಅಜ್ಜಯ್ಯ” ಎಂದನು.

ಮರುವಾರ ಅವರು ಅದೇ ಅಂಗಡಿಗೆ ಹೋಗಿ, ನಾಲ್ಕು ಗೂಡುಗಳನ್ನೂ ಅವುಗಳ ನಟ್ಟುಗಳೊಡನೆಯೇ ಹಾಕಿಸಿದರು. ವ್ರೀಹಿಗೆ ಬದಲಾಗಿ ನೀವಾರವನ್ನು ತಂದ ಮೇಲೆ ಎರಡನ್ನೂ ಬೆರಸಿ ಕುಟ್ಟುವುದು ಸಲ್ಲದೆಂಬುದು ಅವರಿಗೆ ಆಗ ಹೊಳೆದಿರಬೇಕು. ಬೇಲಿಯ ಬುಡದಲ್ಲಿ ಸಿಕ್ಕಿದ ತಂದೆಯವರ ನಟ್ಟು ಈಗ ದೇವರ ಗೂಡಿನ ಪಕ್ಕದ ಸಂಪುಟದಲ್ಲಿದೆ. ಮೊಮ್ಮಗನು ಪ್ರತಿದಿನವೂ ಹೊರಡುವ ಮುನ್ನ ಒಂದೊಂದು ನಟ್ಟನ್ನೂ ಬೆರಳಿನಿಂದ ತಿರುಗಿಸಿ ನೋಡುತ್ತಾನೆ. ಜಗಲಿಯಲ್ಲಿ ಕುಳಿತ ಜೋಯಿಸರು ನಾಲ್ಕೂ ಮುಗಿಯುವವರೆಗೆ ಜಪವನ್ನು ನಿಲ್ಲಿಸಿರುತ್ತಾರೆ.